ಬಣ್ಣ ಬಳಿದ ಮೇಲೂ ತಿರುಗಬೇಕು: ರೂಪ ಬದಲಿಸುವ ರೋಬೋಟ್ ಆಟಿಕೆಗೆ ಹೊಸ ವೇಷ ತೊಡಿಸುವ ಸಮಗ್ರ ಮಾರ್ಗದರ್ಶಿ

ಕಾರಿನಿಂದ ರೋಬೋಟ್ ಆಗಿ ಬದಲಾಗುವ ನನ್ನ ಆಟಿಕೆ ಪ್ರೌಲ್‌ನ ಎಡಗಡೆ ಬಾಗಿಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದೆ. ಅರ್ಧ ದಾರಿಯಲ್ಲಿ ‘ಕರ್’ ಅಂತ ಸಣ್ಣ ಸದ್ದು ಬಂತು. ಬಾಗಿಲೇನೋ ರೋಬೋಟ್‌ನ ಬೆನ್ನ ಹಿಂದೆ ರೆಕ್ಕೆಯಾಗಿ ನಿಂತಿತು. ಆದರೆ ಅದರ ಅಂಚಿನಲ್ಲಿ ಉಗುರಿನಷ್ಟು ಉದ್ದಕ್ಕೆ ಬಿಳಿ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂದಿತ್ತು. ಬಣ್ಣಕ್ಕೆ ಹಿಡಿತ ಸಿಗಲೆಂದು ಅಡಿಯಲ್ಲಿ ಬಳಿದಿದ್ದ ಬೂದು ಪ್ರೈಮರ್ ಕಾಣುತ್ತಿತ್ತು. ಎರಡು ವಾರ ಸಂಜೆ ಹೊತ್ತು ಕೂತು ಬಳಿದ ಬಣ್ಣ ಅದು.

ಆವತ್ತು ನನಗೆ ಗೊತ್ತಾದ ವಿಷಯವೇ ಈ ಬರಹದ ಬೆನ್ನೆಲುಬು. ಟ್ರಾನ್ಸ್‌ಫಾರ್ಮರ್ಸ್ ಥರದ ಆಟಿಕೆ ಗಾಜಿನ ಕಪಾಟಿನಲ್ಲಿ ನಿಲ್ಲಿಸುವ ವಿಗ್ರಹ ಅಲ್ಲ. ಅದು ಮಡಚಿಕೊಳ್ಳುತ್ತದೆ, ತಿರುಗುತ್ತದೆ, ಒಂದು ಭಾಗ ಇನ್ನೊಂದರ ಒಳಗೆ ನುಸುಳುತ್ತದೆ. ಕಂಪನಿಯವರು ಆ ಭಾಗಗಳ ನಡುವೆ ಬಿಟ್ಟಿರುವ ಸಂದಿ ಕೂದಲೆಳೆಯಷ್ಟೇ. ನಾವು ಬಳಿಯುವ ಪ್ರೈಮರ್, ಬಣ್ಣ, ಮೇಲಿನ ವಾರ್ನಿಷ್ ಸೇರಿದರೆ ಅದೂ ಕೂದಲೆಳೆಯಷ್ಟೇ ದಪ್ಪ. ಎದುರುಬದುರು ಎರಡೂ ಮೈಗೆ ಬಣ್ಣ ಹಚ್ಚಿದರೆ ದಪ್ಪ ಎರಡರಷ್ಟು. ಸಂದಿ ಮುಚ್ಚಿಹೋಗುತ್ತದೆ. ಆಮೇಲೆ ಬಣ್ಣ ಕೆರೆದು ಬರುತ್ತದೆ, ಇಲ್ಲವಾದರೆ ಕೀಲೇ ಮುರಿಯುತ್ತದೆ. ಹಾಗಾಗಿ ಕುಂಚ ಹಿಡಿಯುವ ಮುಂಚಿನ ಕೆಲಸವೇ ಇಲ್ಲಿ ಜಾಸ್ತಿ.

ಒಂದೇ ಅಚ್ಚು, ಹಲವು ಹೆಸರು

ಬಣ್ಣ ಬದಲಿಸಿ ಹೊಸ ಪಾತ್ರ ಹುಟ್ಟಿಸುವುದು ಅಭಿಮಾನಿಗಳು ಕಂಡುಹಿಡಿದ ವಿದ್ಯೆ ಅಲ್ಲ. ಈ ಆಟಿಕೆಗಳು ಹುಟ್ಟಿದ್ದೇ ಹಾಗೆ. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಸಾಲನ್ನೂ, 1983ರಲ್ಲಿ ಮೈಕ್ರೋ ಚೇಂಜ್ ಎಂಬ ಇನ್ನೊಂದನ್ನೂ ತಂದಿತ್ತು. ಅಮೆರಿಕದ ಹ್ಯಾಸ್ಬ್ರೋ ಅವೇ ಅಚ್ಚುಗಳನ್ನು ತೆಗೆದುಕೊಂಡು, ಹೊಸ ಹೆಸರು, ಹೊಸ ಕಥೆ ಕೊಟ್ಟು, 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಿತು. ಆಪ್ಟಿಮಸ್ ಪ್ರೈಮ್ ಮೊದಲು ಡಯಾಕ್ಲೋನ್‌ನ ಬ್ಯಾಟಲ್ ಕಾನ್ವಾಯ್ ಆಗಿತ್ತು. ಅದೇ ವರ್ಷ ಒಂದೇ ಯುದ್ಧವಿಮಾನದ ಅಚ್ಚಿನಿಂದ ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂರೂ ಬಂದವು. ಮೂರರ ವ್ಯತ್ಯಾಸ ಬಣ್ಣದ್ದು. ಪ್ರೌಲ್ ಮತ್ತು ಬ್ಲೂಸ್ಟ್ರೀಕ್ ಒಂದೇ ನಿಸ್ಸಾನ್ ಫೇರ್‌ಲೇಡಿ ಕಾರು. ಮರುವರ್ಷ ಸ್ಮೋಕ್‌ಸ್ಕ್ರೀನ್ ಕೂಡ ಅದೇ ಕಾರಿನಿಂದ ಬಂತು. ಬಿಳಿ-ಕಪ್ಪು ಬಳಿದರೆ ಪೊಲೀಸ್, ಬೇರೆ ಬಣ್ಣ ಬಳಿದರೆ ಬೇರೆ ವ್ಯಕ್ತಿ.

ನಾನು ಇಲ್ಲಿ ಉದಾಹರಣೆಗೆ ಹಿಡಿದಿರುವುದು 2020ರ ಅರ್ಥ್‌ರೈಸ್ ಸಾಲಿನ ಪ್ರೌಲ್. ಅವನು ಪೊಲೀಸ್ ಕಾರು. ಬೆಂಗಳೂರಿನಲ್ಲಿ ಬೆಳೆದವರಿಗೆ ಗಸ್ತು ಪೊಲೀಸ್ ಗಾಡಿ ಅಂದರೆ ತಲೆಗೆ ಬರುವ ಹೆಸರು ಒಂದೇ: ಹೊಯ್ಸಳ. ಬಾಗಿಲ ಮೇಲೆ ಕನ್ನಡದಲ್ಲಿ ‘ಹೊಯ್ಸಳ’ ಅಂತ ಬರೆದ ಪ್ರೌಲ್ ನನಗೆ ಬೇಕಿತ್ತು. ಬೀದಿಯಲ್ಲಿ ಓಡಾಡುವ ಗಾಡಿಯ ಪಡಿಯಚ್ಚು ಅಲ್ಲ, ನನ್ನ ಮನಸ್ಸಿನಲ್ಲಿದ್ದ ಹೊಯ್ಸಳ. ನೀವು ಯಾವ ಪಾತ್ರ ಹಿಡಿದರೂ ಕೆಲಸದ ಕ್ರಮ ಇದೇ.

ಯಾವ ಆಟಿಕೆಯಿಂದ ಶುರು ಮಾಡಬೇಕು?

ಡಿಲಕ್ಸ್ ಅಳತೆಯದ್ದು ಕಲಿಯಲು ಸರಿಯಾದದ್ದು. ರೋಬೋಟ್ ಆಗಿ ನಿಂತರೆ ಸುಮಾರು 14 ಸೆಂಟಿಮೀಟರ್ ಎತ್ತರ ಇರುತ್ತದೆ. ವಾಯೇಜರ್ ಇನ್ನೂ ದೊಡ್ಡದು, ಸುಮಾರು 18 ಸೆಂಟಿಮೀಟರ್. ಅದರಲ್ಲಿ ಭಾಗಗಳೂ ಜಾಸ್ತಿ. 2003ರಲ್ಲಿ ಶುರುವಾದ ಮಾಸ್ಟರ್‌ಪೀಸ್ ಸಾಲಿನವು ಬಲು ಚೆಂದ. ಆದರೆ ಅವುಗಳಲ್ಲಿ ಸಂದಿಗಳು ಇನ್ನೂ ಬಿಗಿ, ಬೆಲೆಯೂ ದುಬಾರಿ. ನಾಲ್ಕೈದು ಆಟಿಕೆ ಮಾಡಿ ಕೈ ಪಳಗಿದ ಮೇಲೆ ಅತ್ತ ಹೋಗಿ.

ಹೊಸದೇ ಆಗಬೇಕಿಲ್ಲ. ಬೇರೆಯವರು ಬಳಸಿದ, ಗೀರು ಬಿದ್ದ, ಬಂದೂಕು ಕಳೆದುಹೋದ ಆಟಿಕೆ ಅಗ್ಗಕ್ಕೆ ಸಿಗುತ್ತದೆ. ಬಿಸಿಲಿಗೆ ಹಳದಿಯಾದ ಬಿಳಿ ಪ್ಲಾಸ್ಟಿಕ್ ಕೂಡ ಪರವಾಗಿಲ್ಲ, ಹೇಗೂ ಬಣ್ಣ ಮುಚ್ಚುತ್ತದೆ. ನೋಡಬೇಕಾದ್ದು ಕೀಲುಗಳನ್ನು. ಸೊಂಟ, ಮಂಡಿ, ಭುಜ ಬಿಳಿಚಿಕೊಂಡಿದ್ದರೆ ಅಲ್ಲಿ ಪ್ಲಾಸ್ಟಿಕ್ ದಣಿದಿದೆ ಅಂತ ಅರ್ಥ. ಅಂಥದ್ದು ಬೇಡ.

ಇನ್ನೊಂದು ಎಚ್ಚರಿಕೆ. 1980ರ ದಶಕದ ಕೊನೆ ಮತ್ತು 90ರ ದಶಕದ ಕೆಲವು ಆಟಿಕೆಗಳಲ್ಲಿ ಮಿನುಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಇದೆ. ಪುಡಿ ಬೆರೆಸಿದ ಹಾಗೆ ಸುಳಿಸುಳಿಯಾಗಿ ಕಾಣುತ್ತದೆ. ವರ್ಷ ಕಳೆದ ಹಾಗೆ ಅದು ಒಳಗೊಳಗೇ ಸತ್ವ ಕಳೆದುಕೊಂಡು, ಮುಟ್ಟಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಅದನ್ನು ಬಿಚ್ಚಲೂಬೇಡಿ, ತಿರುಗಿಸಲೂಬೇಡಿ. 1984ರ ಕಾಲದ ಮೂಲ ಆಟಿಕೆ ಸುಸ್ಥಿತಿಯಲ್ಲಿ ನಿಮ್ಮ ಕೈಗೆ ಸಿಕ್ಕಿದ್ದರೆ ಅದನ್ನೂ ಹಾಗೇ ಇಟ್ಟುಬಿಡಿ. ಅದು ಉಳಿಯಬೇಕಾದ ವಸ್ತು.

ಬೇಕಾದ ಸಾಮಾನು

ಮೊಬೈಲ್ ರಿಪೇರಿಯವರು ಬಳಸುವ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಎರಡು, ಸೊನ್ನೆ ಮತ್ತು ಎರಡು ಸೊನ್ನೆ ಅಳತೆಯವು. ಅಗ್ಗದ್ದು ತಂದರೆ ತುದಿ ಸವೆದು ಸ್ಕ್ರೂ ತಲೆಯನ್ನೇ ತಿಂದುಹಾಕುತ್ತದೆ. ಇದಕ್ಕೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ವಾಟರ್ ಪೇಪರ್ 400, 600, 800, 1000 ನಂಬರಿನವು ಒಂದೊಂದು ಹಾಳೆ. ಸಣ್ಣ ಸುತ್ತಿಗೆ, ಪಿನ್ ಹೊಡೆಯಲು ತೆಳ್ಳನೆ ಉಕ್ಕಿನ ಕಡ್ಡಿ. ವೈಟ್‌ಬೋರ್ಡ್ ಮಾರ್ಕರ್. ಮಾಸ್ಕಿಂಗ್ ಟೇಪ್. ಐಸೋಪ್ರೊಪೈಲ್ ಆಲ್ಕೋಹಾಲ್. ಇದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ತೊಳೆಯಲು ಬಳಸುತ್ತಾರೆ.

ಬಣ್ಣ, ಪ್ರೈಮರ್ ಮಾತ್ರ ಮಾಡೆಲ್ ಕಟ್ಟುವವರಿಗೆಂದೇ ಮಾಡಿದ್ದನ್ನು ತನ್ನಿ. ತಮಿಯಾ, ಮಿಸ್ಟರ್ ಹಾಬಿ, ವಲ್ಲೆಹೋ ಮೂರೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಗೇಟಿಗೆ, ಬೈಕಿಗೆ ಹೊಡೆಯುವ ಸ್ಪ್ರೇ ಡಬ್ಬಿ ಬೇಡ. ಅದರ ಪದರ ದಪ್ಪ, ಅದರಲ್ಲಿನ ತಿನ್ನರ್ ಖಾರ. ಮೆತ್ತನೆ ಪ್ಲಾಸ್ಟಿಕ್ ಮೇಲೆ ಅಂಥದ್ದು ತಿಂಗಳಾದರೂ ಒಣಗದೆ ಅಂಟಂಟಾಗಿ ಉಳಿಯಬಹುದು. ಬಟ್ಟೆಗೆ ಬಳಿಯುವ ಅಕ್ರಿಲಿಕ್ ಕೂಡ ಇಲ್ಲಿ ನಿಲ್ಲುವುದಿಲ್ಲ, ರಬ್ಬರಿನ ಹಾಗೆ ಎದ್ದು ಬರುತ್ತದೆ.

ಮುಖಕ್ಕೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಬಟ್ಟೆಯದ್ದಲ್ಲ. ಉಜ್ಜುವಾಗ ಬರುವ ಧೂಳಿಗೆ ಎನ್95 ಸಾಕು. ಸ್ಪ್ರೇ ಹೊಡೆಯುವಾಗ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಿಚ್ಚಿದ ಸ್ಕ್ರೂ, ಪಿನ್ ಎಲ್ಲ ಮುಚ್ಚಳ ಇರುವ ಡಬ್ಬಿಯಲ್ಲೇ ಇರಲಿ.

ಮೊದಲ ಹೆಜ್ಜೆ: ಹತ್ತು ಸಲ ತಿರುಗಿಸಿ

ಏನನ್ನೂ ಬಿಚ್ಚಬೇಡಿ. ಕಾರಿನಿಂದ ರೋಬೋಟ್, ರೋಬೋಟ್‌ನಿಂದ ಕಾರು, ಹತ್ತು ಸಲ ಮಾಡಿ. ಕೈಗೆ ಪುಸ್ತಕ ನೋಡದೆ ಬರುವಷ್ಟು ಮಾಡಿ. ಯಾವುದು ಯಾವುದರ ಕೆಳಗೆ ಹೋಗುತ್ತದೆ, ಯಾವುದು ‘ಟಕ್’ ಅಂತ ಕೂರುತ್ತದೆ, ಎಲ್ಲಿ ಸ್ವಲ್ಪ ಒತ್ತಬೇಕಾಗುತ್ತದೆ, ಎಲ್ಲ ಬೆರಳಿಗೆ ಗೊತ್ತಾಗಬೇಕು.

ಈಗ ವೈಟ್‌ಬೋರ್ಡ್ ಮಾರ್ಕರ್ ತೆಗೆದುಕೊಂಡು, ನೀವು ಬಣ್ಣ ಹಚ್ಚಬೇಕು ಅಂದುಕೊಂಡಿರುವ ಮೇಲ್ಮೈಗೆಲ್ಲ ಬಳಿಯಿರಿ. ಬಾಗಿಲ ಒಳಗೂ ಹೊರಗೂ, ಅಂಚಿಗೂ. ಎರಡು ನಿಮಿಷ ಒಣಗಲಿ. ಆಮೇಲೆ ಒಂದೇ ಒಂದು ಸಲ ಪೂರ್ತಿ ತಿರುಗಿಸಿ, ಮತ್ತೆ ಕಾರಾಗಿ ಮಡಚಿ. ಎಲ್ಲೆಲ್ಲಿ ಮಾರ್ಕರ್ ಒರೆಸಿಹೋಗಿದೆಯೋ ಅಲ್ಲೆಲ್ಲ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಉಜ್ಜುತ್ತಿದೆ. ಎದುರು ಭಾಗಕ್ಕೆ ಮಸಿ ಮೆತ್ತಿಕೊಂಡಿರುವುದೂ ಕಾಣುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರೌಲ್‌ನಲ್ಲಿ ನನಗೆ ಸಿಕ್ಕಿದ ಜಾಗಗಳು ಇವು: ಎರಡೂ ಬಾಗಿಲುಗಳ ಕೀಲಿನ ಹತ್ತಿರದ ಅಂಚು, ಚಾವಣಿ ಬೆನ್ನಿಗೆ ತಾಗುವ ಜಾಗ, ಕಾಲಿನ ಒಳಮೈ. ಎಡ ಬಾಗಿಲು ‘ಕರ್’ ಅಂದ ಜಾಗವೂ ಅದರಲ್ಲಿತ್ತು. ಮೊದಲ ಸಲ ಈ ಪರೀಕ್ಷೆ ಮಾಡಿರಲಿಲ್ಲ. ಎರಡನೇ ಸಲ ಎಲ್ಲ ಬಣ್ಣ ಕಿತ್ತು ಮಾಡಿದೆ.

ಉಜ್ಜುವ ಜಾಗಗಳಿಗೆ ಮೂರು ದಾರಿ ಇವೆ. ಕಣ್ಣಿಗೆ ಕಾಣದ ಒಳಮೈ ಆದರೆ ಬಣ್ಣವೇ ಬೇಡ, ಟೇಪ್ ಹಾಕಿ ಮುಚ್ಚಿ. ಕಾಣುವ ಜಾಗ ಆದರೆ ಬಣ್ಣ ಹಚ್ಚುವಷ್ಟು ದಪ್ಪವನ್ನು ಮೊದಲೇ ಉಜ್ಜಿ ತೆಗೆಯಿರಿ. ಎರಡೂ ಆಗದಿದ್ದರೆ, ಆ ಭಾಗದ ಪ್ಲಾಸ್ಟಿಕ್ ಬಣ್ಣವನ್ನೇ ನಿಮ್ಮ ವಿನ್ಯಾಸದಲ್ಲಿ ಸೇರಿಸಿಕೊಳ್ಳಿ. ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಬಿಳಿ ಪ್ಲಾಸ್ಟಿಕ್ ಬಿಳಿಯಾಗೇ ಇದ್ದರೆ ಎಷ್ಟು ಉಜ್ಜಿದರೂ ಅದು ಬಿಳಿಯೇ ಅಲ್ವಾ?

ಬಿಚ್ಚುವುದು

ಒಂದು ಬಿಳಿ ಹಾಳೆಯ ಮೇಲೆ ಆಟಿಕೆಯ ಆಕಾರವನ್ನು ದೊಡ್ಡದಾಗಿ ಗೀಚಿಕೊಳ್ಳಿ. ಎಲ್ಲಿಂದ ಸ್ಕ್ರೂ ತೆಗೆದಿರೋ, ಚಿತ್ರದಲ್ಲಿ ಅದೇ ಜಾಗಕ್ಕೆ ಆ ಸ್ಕ್ರೂವನ್ನು ಟೇಪಿನಿಂದ ಅಂಟಿಸಿ. ಎಲ್ಲ ಸ್ಕ್ರೂ ಒಂದೇ ಥರ ಕಾಣುತ್ತವೆ, ಆದರೆ ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ತಿರುವಿದರೆ ಎದುರಿನ ಮೈ ಸೀಳಿ ತುದಿ ಹೊರಬರುತ್ತದೆ. ಬಿಚ್ಚುವಾಗ ಸ್ಕ್ರೂಡ್ರೈವರ್‌ನ್ನು ನೆಟ್ಟಗೆ ಹಿಡಿದು, ಒತ್ತುವ ಬಲ ಮುಕ್ಕಾಲು, ತಿರುವುವ ಬಲ ಕಾಲು ಇರಲಿ.

ಪಿನ್‌ಗಳ ಕಥೆ ಬೇರೆ. ಉಕ್ಕಿನ ಪಿನ್‌ನ ಒಂದು ತುದಿ ನುಣುಪಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಹಿಡಿತಕ್ಕೆ ಸಣ್ಣ ಸಣ್ಣ ಗೆರೆಗಳಿರುತ್ತವೆ. ನುಣುಪಾದ ಕಡೆಯಿಂದ ಹೊಡೆದು, ಗೆರೆ ಇರುವ ತುದಿ ಹೊರಗೆ ಬರುವಂತೆ ಮಾಡಬೇಕು. ತಿರುಗುಮುರುಗಾಗಿ ಹೊಡೆದರೆ ಆ ಗೆರೆಗಳು ತೂತಿನ ಉದ್ದಕ್ಕೂ ಪ್ಲಾಸ್ಟಿಕ್ ಕೆರೆದುಕೊಂಡು ಹೋಗುತ್ತವೆ. ಆಮೇಲೆ ಆ ಕೀಲು ಬಿಗಿಯಾಗಿ ನಿಲ್ಲುವುದೇ ಇಲ್ಲ. ಯಾವ ಕಡೆ ಅಂತ ಗೊತ್ತಾಗದಿದ್ದರೆ ಭೂತಗನ್ನಡಿಯಲ್ಲಿ ನೋಡಿ. ಗೆರೆ ಇರುವ ಕಡೆ ತೂತಿನ ಬಾಯಿ ಸ್ವಲ್ಪ ಉಬ್ಬಿರುತ್ತದೆ. ಆಟಿಕೆಯ ಕೆಳಗೆ ತೂತು ಇರುವ ಮರದ ತುಂಡು ಇಟ್ಟು, ಪಿನ್‌ಗಿಂತ ಸ್ವಲ್ಪ ಸಣ್ಣ ಕಡ್ಡಿ ಇಟ್ಟು, ಮೆಲ್ಲಗೆ ತಟ್ಟಿ. ಬರಲಿಲ್ಲ ಅಂದರೆ ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬಿಸಿ ಮಾಡಿ. ಆಗಲೂ ಬರದಿದ್ದರೆ ಬಿಟ್ಟುಬಿಡಿ. ಟೇಪ್ ಹಾಕಿಯೇ ಬಣ್ಣ ಹಚ್ಚಬಹುದು. ಹಟ ಮಾಡಿದರೆ ಮುರಿಯುವುದು ಪಿನ್ ಅಲ್ಲ, ಪ್ಲಾಸ್ಟಿಕ್.

ಗುಂಡು ಕೀಲುಗಳು, ಅಂದರೆ ಬಾಲ್ ಜಾಯಿಂಟ್‌ಗಳು, ಎಳೆದರೆ ಬರುತ್ತವೆ. ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು ಎಳೆಯಿರಿ. ಅಣಬೆಯ ತಲೆಯಂತೆ ಅಗಲವಾದ ಗೂಟ ಒಳಗೆ ಕೂತಿರುವ ಕೀಲುಗಳಿರುತ್ತವೆ. ಅವು ಒಳಗೆ ಹೋಗಲು ಮಾಡಿದವು, ಹೊರಗೆ ಬರಲು ಅಲ್ಲ. ಕೈ ಹಾಕಬೇಡಿ.

ಪ್ಲಾಸ್ಟಿಕ್ ಯಾವುದೆಂದು ಗುರುತಿಸುವುದು

ಒಂದೇ ಆಟಿಕೆಯಲ್ಲಿ ಮೂರು ನಾಲ್ಕು ಥರದ ಪ್ಲಾಸ್ಟಿಕ್ ಇರುತ್ತವೆ. ಇದು ಗೊತ್ತಿಲ್ಲದೆ ಬಣ್ಣ ಬಳಿದರೆ ಒಂದು ಕಡೆ ಕಲ್ಲಿನಂತೆ ಹಿಡಿಯುತ್ತದೆ, ಇನ್ನೊಂದು ಕಡೆ ಸಿಪ್ಪೆಯಂತೆ ಬರುತ್ತದೆ.

ಹೊರಮೈ ಹೆಚ್ಚಾಗಿ ಎಬಿಎಸ್. ಗಟ್ಟಿ, ಉಗುರಿನಿಂದ ತಟ್ಟಿದರೆ ‘ಟಕ್’ ಅನ್ನುತ್ತದೆ, ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಕೀಲಿನ ಭಾಗಗಳಲ್ಲಿ ಪಿಒಎಂ ಇರುತ್ತದೆ. ಮುಟ್ಟಿದರೆ ಮೇಣ ಸವರಿದ ಹಾಗೆ ಜಾರುತ್ತದೆ. ಜಾರಬೇಕೆಂದೇ ಅದನ್ನು ಅಲ್ಲಿ ಹಾಕಿರುವುದು. ಅದಕ್ಕೆ ಯಾವ ಬಣ್ಣವೂ ಅಂಟುವುದಿಲ್ಲ, ಫೆವಿಕ್ವಿಕ್ ಕೂಡ ನಿಲ್ಲುವುದಿಲ್ಲ. ಪ್ರಯತ್ನವನ್ನೇ ಮಾಡಬೇಡಿ, ಮುಚ್ಚಿ ಹಾಗೇ ಬಿಡಿ. ತಲೆಯ ಕೊಂಬು, ಚೂಪಾದ ತುದಿಗಳು ಮೆತ್ತಗೆ ಬಾಗಿದರೆ ಅದು ಪಿವಿಸಿ ಥರದ್ದು. ಅದಕ್ಕೆ ವಲ್ಲೆಹೋದಂಥ ನೀರಿನ ಅಕ್ರಿಲಿಕ್ ತೆಳ್ಳಗೆ ಹಚ್ಚಿ. ಗಾಜು, ದೀಪದ ಭಾಗ ಪಾರದರ್ಶಕ ಪ್ಲಾಸ್ಟಿಕ್. ಇದು ಖಾರದ ತಿನ್ನರ್ ತಾಗಿದರೆ ಒಳಗೊಳಗೇ ಬಿರುಕು ಬಿಡುತ್ತದೆ. ಎಷ್ಟೋ ಕಾರುಗಳಲ್ಲಿ ಚಾವಣಿ ಪೂರ್ತಿ ಪಾರದರ್ಶಕ ಪ್ಲಾಸ್ಟಿಕ್ಕೇ. ಗಾಜು ಕಾಣುವ ಜಾಗ ಬಿಟ್ಟು ಉಳಿದದ್ದಕ್ಕೆ ಕಾರ್ಖಾನೆಯಲ್ಲಿ ಬಣ್ಣ ಹೊಡೆದಿರುತ್ತಾರೆ. ಒಳಗಿನಿಂದ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.

ತೊಳೆಯುವುದು, ಹಳೇ ಬಣ್ಣ ತೆಗೆಯುವುದು

ಬಿಚ್ಚಿದ ಭಾಗಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಸ್ಕ್ರೂ ತೂತುಗಳಲ್ಲಿ ನೀರು ನಿಲ್ಲುತ್ತದೆ, ಒಂದು ದಿನ ಪೂರ್ತಿ ಆರಲಿ.

ಕಂಪನಿಯವರು ಮೇಲೆ ಮುದ್ರಿಸಿದ ಬಣ್ಣ, ಗುರುತು ತೆಗೆಯಲು ಹತ್ತಿಗೆ ಐಸೋಪ್ರೊಪೈಲ್ ಹಾಕಿ ಉಜ್ಜಿ. ಕೆಲವು ಬೇಗ ಬರುತ್ತವೆ, ಕೆಲವು ಬರುವುದೇ ಇಲ್ಲ. ಬರದಿದ್ದರೆ 800ರ ವಾಟರ್ ಪೇಪರ್‌ನಿಂದ ನೀರು ಹಾಕಿಕೊಂಡು ಉಜ್ಜಿ ಮಟ್ಟ ಮಾಡಿದರೆ ಸಾಕು. ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರಕ್ಕೂ ತರಬೇಡಿ. ಎಬಿಎಸ್ ಅದರಲ್ಲಿ ಬೆಲ್ಲದಂತೆ ಕರಗುತ್ತದೆ.

ಉಜ್ಜಿ ಸಂದಿ ಮಾಡುವುದು

ಮಾರ್ಕರ್ ಪರೀಕ್ಷೆಯ ಫೋಟೋ ಎದುರಿಗಿಟ್ಟುಕೊಂಡು ಕೂತುಕೊಳ್ಳಿ. 400ರಿಂದ ಶುರು ಮಾಡಿ, 600, 800ಕ್ಕೆ ಬನ್ನಿ. ನಾಲ್ಕು ಸಲ ಉಜ್ಜುವುದು, ಎರಡು ಭಾಗ ಜೋಡಿಸಿ ನೋಡುವುದು, ಮತ್ತೆ ನಾಲ್ಕು ಸಲ ಉಜ್ಜುವುದು. ಎಷ್ಟು ಸಾಕು ಅನ್ನುವುದಕ್ಕೆ ಒಂದು ಅಳತೆ ಇದೆ. ಮಾಸ್ಕಿಂಗ್ ಟೇಪಿನ ಒಂದು ಪದರವನ್ನು ಆ ಜಾಗಕ್ಕೆ ಅಂಟಿಸಿ ಭಾಗವನ್ನು ತಿರುಗಿಸಿ. ಟೇಪ್ ಸುಕ್ಕಾಗದೆ ತಿರುಗಿತು ಅಂದರೆ ಬಣ್ಣಕ್ಕೆ ಜಾಗ ಆಯಿತು. ಪ್ರೌಲ್‌ನ ಎಡ ಬಾಗಿಲಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಬಲ ಬಾಗಿಲಿಗೆ ಹತ್ತೇ ನಿಮಿಷ. ಎರಡೂ ಒಂದೇ ಅಚ್ಚಿನ ಕನ್ನಡಿ ರೂಪ ಅಂದುಕೊಂಡಿರುತ್ತೇವೆ, ಆದರೆ ಜೋಡಣೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹಾಗಾಗಿ ಒಂದು ಕಡೆ ಮಾಡಿದ ಲೆಕ್ಕವನ್ನು ಇನ್ನೊಂದು ಕಡೆಗೆ ಹಾಕಬೇಡಿ.

‘ಟಕ್’ ಅಂತ ಕೂರುವ ಗೂಟ ಮತ್ತು ತೂತುಗಳನ್ನು ಮಾತ್ರ ಉಜ್ಜಬೇಡಿ. ಅವಕ್ಕೆ ಬಣ್ಣವೂ ಬೇಡ. ಆಯುಧ ಸಿಕ್ಕಿಸುವ 5 ಮಿಲಿಮೀಟರ್ ತೂತುಗಳಿಗೂ ಇದೇ ಮಾತು. ಒಳಗೆ ಬಣ್ಣ ಹೋದರೆ ಬಂದೂಕಿನ ಹಿಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹತ್ತಿಯನ್ನು ಬಿಗಿಯಾಗಿ ಸುರುಳಿ ಮಾಡಿ ತೂತಿಗೆ ತುರುಕಿ.

ಹೊಸ ಆಕಾರ ಸೇರಿಸುವುದಾದರೆ

ನನಗೆ ಚಾವಣಿಯ ದೀಪದ ಪಟ್ಟಿ ಇನ್ನೂ ಅಗಲ ಬೇಕಿತ್ತು. ಎಂ-ಸೀಲ್ ಬಳಸಿದೆ. ನಲ್ಲಿ ಸೋರಿದರೆ ಹಾಕುವ ಅದೇ ಎಂ-ಸೀಲ್. ಎರಡು ತುಂಡನ್ನು ಸಮ ಪ್ರಮಾಣದಲ್ಲಿ ತೆಗೆದುಕೊಂಡು ಬಣ್ಣ ಒಂದಾಗುವವರೆಗೆ ನಾದಿ, ಜಾಗಕ್ಕೆ ಇಟ್ಟು, ಒದ್ದೆ ಬೆರಳಿನಿಂದ ನುಣುಪು ಮಾಡಿ. ಕೆಳಗಿನ ಪ್ಲಾಸ್ಟಿಕ್‌ನ್ನು ಮೊದಲು 400ರಿಂದ ಒರಟು ಮಾಡಿರಬೇಕು. ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ಉಜ್ಜಿ. ಹೊಸ ಆಕಾರ ಇಟ್ಟ ಮೇಲೆ ಆಟಿಕೆಯನ್ನು ಮತ್ತೆ ಒಂದು ಸಲ ತಿರುಗಿಸಿ ನೋಡಲೇಬೇಕು. ಕಾರಿನಲ್ಲಿ ಚೆಂದ ಕಾಣುವ ದೀಪ, ರೋಬೋಟ್ ಆಗುವಾಗ ಬೆನ್ನಿಗೆ ತಗುಲಿಕೊಳ್ಳಬಹುದು. ನನ್ನದು ತಗುಲಿತ್ತು. ಒಂದು ಮಿಲಿಮೀಟರ್ ತಗ್ಗಿಸಿದೆ.

ತ್ರೀಡಿ ಪ್ರಿಂಟ್ ಮಾಡಿಸಿದ ತಲೆ, ಆಯುಧ ಹಾಕುವವರೂ ಇದ್ದಾರೆ. ರೆಸಿನ್ ಪ್ರಿಂಟ್‌ನಲ್ಲಿ ಸೂಕ್ಷ್ಮ ಗೆರೆಗಳು ಚೆನ್ನಾಗಿ ಬರುತ್ತವೆ, ಆದರೆ ಅದು ಪೆಡಸು. ಮುಖಕ್ಕೆ ಸರಿ, ಭಾರ ಹೊರುವ ಗೂಟಕ್ಕೆ ಬೇಡ.

ಪ್ರೈಮರ್ ಮತ್ತು ಬಣ್ಣ

ಹವಾಮಾನ ಮೊದಲು ನೋಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಲ್ಯಾಕರ್ ಸ್ಪ್ರೇ ಹೊಡೆದರೆ ಮೇಲ್ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ತಿನ್ನರ್ ಬೇಗ ಹಾರಿಹೋಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂರುತ್ತದೆ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ತಿಂಗಳು. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆಯವರು, ಸ್ಪ್ರೇ ಬಿಟ್ಟು ಕುಂಚದಲ್ಲಿ ನೀರಿನ ಅಕ್ರಿಲಿಕ್ ಹಚ್ಚುವುದು ಕ್ಷೇಮ. ಅದು ಆರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ಪ್ರತಿ ಭಾಗವನ್ನೂ ಅಗರಬತ್ತಿ ಕಡ್ಡಿಗೆ ಟೇಪಿನಿಂದ ಸಿಕ್ಕಿಸಿ, ಥರ್ಮಾಕೋಲ್ ತುಂಡಿಗೆ ಚುಚ್ಚಿ ನಿಲ್ಲಿಸಿ. ಪ್ರೈಮರ್ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ ಹೊಡೆಯಿರಿ. ಮೊದಲ ಸಲಕ್ಕೆ ಪ್ಲಾಸ್ಟಿಕ್ ಇನ್ನೂ ಅರ್ಧ ಕಾಣುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೇ ಸಲ. ಅಷ್ಟೇ ಸಾಕು. ಪ್ರೈಮರ್ ಇರುವುದು ಬಣ್ಣಕ್ಕೆ ಹಿಡಿತ ಕೊಡಲು, ಮೈ ಮುಚ್ಚಲು ಅಲ್ಲ.

ಬಣ್ಣದ ಹದ ಹೀಗೆ: ಕುಂಚಕ್ಕಾದರೆ ನೀರುದೋಸೆ ಹಿಟ್ಟಿನ ಹದ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗಾದರೆ ಹಾಲಿನ ಹದ. ಏರ್‌ಬ್ರಷ್‌ನ ಒತ್ತಡ 15ರಿಂದ 20 ಪಿಎಸ್‌ಐ ಇದ್ದರೆ ಸಾಕು. ಕಪ್ಪು ಬಾನೆಟ್ಟಿನ ಮೇಲೆ ಬಿಳಿ ತರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದೇ ಸಲಕ್ಕೆ ಮುಚ್ಚಲು ಹೋದರೆ ದಪ್ಪ ಆಗಿ, ಗೆರೆಗಳೆಲ್ಲ ತುಂಬಿಹೋಗುತ್ತವೆ. ಮೊದಲು ಬೂದು ಪ್ರೈಮರ್, ಆಮೇಲೆ ತೆಳ್ಳಗೆ ನಾಲ್ಕೈದು ಸಲ ಬಿಳಿ. ಮೂರನೇ ಸಲದವರೆಗೂ ಕೊಳಕಾಗೇ ಕಾಣುತ್ತದೆ. ಧೈರ್ಯ ಬಿಡಬೇಡಿ. ಕೊನೆಗೆ ನಾನು ಬಾನೆಟ್ಟಿನ ಮುಂದಿನ ಅಂಚನ್ನು ಕಪ್ಪಾಗೇ ಉಳಿಸಿದೆ, ಅಲ್ಲಿ ಎದೆಯ ಭಾಗ ಮಡಚುವಾಗ ಉಜ್ಜುತ್ತದೆ.

ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಮುಟ್ಟಿದರೆ ಅಂಟದಿದ್ದ ಮಾತ್ರಕ್ಕೆ ಬಣ್ಣ ಗಟ್ಟಿಯಾಯಿತು ಅಂತಲ್ಲ. ಮೂಗಿಗೆ ಹತ್ತಿರ ಹಿಡಿದು ನೋಡಿ. ವಾಸನೆ ಇದ್ದರೆ ಇನ್ನೂ ಒಳಗೆ ಹಸಿ ಇದೆ. ನಾನು ಪ್ರತಿ ಹಂತಕ್ಕೂ ಒಂದು ದಿನ, ಕೊನೆಗೆ ಮೂರು ದಿನ ಬಿಡುತ್ತೇನೆ.

ಬಾಗಿಲ ಮೇಲೆ ಕನ್ನಡ

ವಾಟರ್‌ಸ್ಲೈಡ್ ಡೆಕಾಲ್ ಕಾಗದ, ಅಂದರೆ ಅದರ ಮೇಲೆ ಮುದ್ರಿಸಿದ್ದನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಕಾಗದ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಲೇಸರ್ ಪ್ರಿಂಟರ್‌ಗೆ ಬೇರೆ, ಇಂಕ್‌ಜೆಟ್‌ಗೆ ಬೇರೆ. ನೋಡಿ ತನ್ನಿ. ಸಾಮಾನ್ಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಆದ್ದರಿಂದ ಬಿಳಿ ಮೈ ಮೇಲೆ ಕಡುನೀಲಿ ಅಥವಾ ಕಪ್ಪು ಅಕ್ಷರ ಇಡುವುದು ಸುಲಭದ ದಾರಿ.

ಇಲ್ಲಿ ನಮ್ಮ ಲಿಪಿಗೆ ಅದರದ್ದೇ ಸಮಸ್ಯೆ ಇದೆ. ‘ಹೊಯ್ಸಳ’ದಲ್ಲಿ ಯಕಾರದ ಕೆಳಗೆ ಸಕಾರದ ಒತ್ತು ಬರುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳಾದರೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ನಮ್ಮದು ಕೆಳಕ್ಕೂ ಇಳಿಯುತ್ತದೆ. ಬಾಗಿಲಿನ ಎತ್ತರ ಹೆಬ್ಬೆರಳಿನ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲ. ದಪ್ಪ ಅಕ್ಷರದ ಫಾಂಟ್ ಹಾಕಿದರೆ ಒತ್ತಿನ ಹೊಟ್ಟೆ ತುಂಬಿಹೋಗಿ ಮಸಿಯ ಚುಕ್ಕೆಯಂತೆ ಕಾಣುತ್ತದೆ. ತೆಳು ಗೆರೆಯ, ಒಳಗೆ ಜಾಗ ಬಿಟ್ಟಿರುವ ಫಾಂಟ್ ಹುಡುಕಿ. ಒಂದೇ ಹಾಳೆಯಲ್ಲಿ 3, 4, 5 ಮಿಲಿಮೀಟರ್ ಎತ್ತರದಲ್ಲಿ ಪದವನ್ನು ಮುದ್ರಿಸಿ, ಮೊದಲು ಸಾದಾ ಕಾಗದದಲ್ಲಿ ಕತ್ತರಿಸಿ ಬಾಗಿಲ ಮೇಲಿಟ್ಟು ನೋಡಿ. ನನಗೆ 4 ಸರಿಹೋಯಿತು. ಅಕ್ಷರ ಕೀಲಿನ ಗೆರೆಯನ್ನು ದಾಟಬಾರದು. ದಾಟಿದರೆ ಮೊದಲ ಸಲ ತಿರುಗಿಸಿದಾಗಲೇ ಹರಿಯುತ್ತದೆ.

ಡೆಕಾಲ್ ಹಾಕುವ ಮೊದಲು ಬಾಗಿಲಿಗೆ ಹೊಳಪಿನ ವಾರ್ನಿಷ್ ಹೊಡೆದು ಒಣಗಿಸಿ. ಒರಟು ಮೈ ಮೇಲೆ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಕತ್ತರಿಸಿದ ಡೆಕಾಲನ್ನು ಅರ್ಧ ನಿಮಿಷ ನೀರಿನಲ್ಲಿಟ್ಟು, ಬೆರಳಿನಿಂದ ಸರಿಸಿ ನೋಡಿ. ಕಾಗದದಿಂದ ಜಾರತೊಡಗಿದರೆ ಬಾಗಿಲ ಮೇಲೆ ಜಾರಿಸಿ, ಒದ್ದೆ ಕುಂಚದಿಂದ ಜಾಗಕ್ಕೆ ತಂದು, ಹತ್ತಿಯಿಂದ ನಡುವಿನಿಂದ ಅಂಚಿಗೆ ಒತ್ತಿ ನೀರು ತೆಗೆಯಿರಿ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದರೆ ನೀರಿಗೆ ಹಾಕುವ ಮೊದಲೇ ಮೇಲೆ ವಾರ್ನಿಷ್ ಹೊಡೆದಿರಬೇಕು, ಇಲ್ಲವಾದರೆ ಶಾಯಿ ಕರಗಿಹೋಗುತ್ತದೆ.

ಗೆರೆ ತುಂಬುವುದು, ಕೊನೆಯ ಪದರ

ಕಾರಿನ ಬಾಗಿಲ ಸಂದು, ಗ್ರಿಲ್ ಎದ್ದು ಕಾಣಲು ತೆಳ್ಳನೆ ಕಪ್ಪು ಬಣ್ಣ ಹರಿಸುವ ರೂಢಿ ಇದೆ. ಎನಾಮೆಲ್ ಬಣ್ಣದಲ್ಲಿ ಮಾಡಿದರೆ ಚೆಂದ. ಆದರೆ ಎನಾಮೆಲ್ ತಿನ್ನರ್ ಬರೀ ಎಬಿಎಸ್‌ನ ಒಳಗೆ ಇಳಿದರೆ, ಸ್ಕ್ರೂ ಅಥವಾ ಪಿನ್ ಬಿಗಿದಿರುವ ಜಾಗದಲ್ಲಿ ಅದು ಬಿರುಕು ಬಿಡುತ್ತದೆ. ಕೆಲವೊಮ್ಮೆ ಮುಟ್ಟದೆ ಇಟ್ಟಿದ್ದ ಜಾಗದಲ್ಲೇ ಎರಡು ತುಂಡಾಗಿರುತ್ತದೆ. ಬಿಚ್ಚಿದ ಸ್ಥಿತಿಯಲ್ಲಿ, ವಾರ್ನಿಷ್ ಮೇಲೆ ಮಾತ್ರ, ಸ್ವಲ್ಪವೇ ಹಚ್ಚಿ. ಅನುಮಾನ ಇದ್ದರೆ ನೀರಿನ ಅಕ್ರಿಲಿಕ್‌ನಲ್ಲೇ ಮಾಡಿ.

ಕೊನೆಗೆ ಎಲ್ಲಕ್ಕೂ ಒಂದು ತೆಳು ವಾರ್ನಿಷ್. ಕಾರಿನ ಮೈಗೆ ಹೊಳಪು, ರೋಬೋಟ್‌ನ ಕೈಕಾಲಿಗೆ ಮಂಕು ಹಾಕಿದರೆ ಎರಡೂ ಬೇರೆ ಬೇರೆ ಲೋಹದಂತೆ ಕಾಣುತ್ತವೆ.

ಮತ್ತೆ ಜೋಡಿಸುವುದು

ಸ್ಕ್ರೂ ಹಾಕುವಾಗ ಒಂದು ಉಪಾಯ. ತೂತಿನಲ್ಲಿ ಇಟ್ಟು ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುವಿ. ಒಂದು ಕಡೆ ಸಣ್ಣದಾಗಿ ‘ಟಿಕ್’ ಅಂತ ಕೆಳಗಿಳಿಯುತ್ತದೆ. ಅದು ಹಳೇ ದಾರಿ. ಅಲ್ಲಿಂದ ಮುಂದಕ್ಕೆ ತಿರುವಿ. ಹೀಗೆ ಮಾಡದಿದ್ದರೆ ಪ್ರತಿ ಸಲ ಪ್ಲಾಸ್ಟಿಕ್‌ನಲ್ಲಿ ಹೊಸ ದಾರಿ ಕೊರೆದು, ನಾಲ್ಕನೇ ಸಲಕ್ಕೆ ಸ್ಕ್ರೂ ಸುಮ್ನೆ ಸುತ್ತುತ್ತದೆ.

ಸಡಿಲವಾದ ಗುಂಡು ಕೀಲಿಗೆ ತೆಳ್ಳನೆ ಫೆವಿಕ್ವಿಕ್ಕನ್ನು ಕಡ್ಡಿ ತುದಿಯಿಂದ ಗುಂಡಿನ ಸುತ್ತ ಸವರಿ, ಹೊರಗೇ ಇಟ್ಟು ಪೂರ್ತಿ ಒಣಗಿಸಿ. ಆಮೇಲೆ ಸಿಕ್ಕಿಸಿ. ಹಸಿ ಇರುವಾಗ ಸಿಕ್ಕಿಸಿದರೆ ಕೀಲು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಹತ್ತಿರ ಪಾರದರ್ಶಕ ಭಾಗ ಇದ್ದರೆ ತೆಗೆದಿಡಿ, ಅಂಟಿನ ಆವಿಗೆ ಗಾಜು ಮಬ್ಬಾಗುತ್ತದೆ. ಬಿಗಿ ಜಾಸ್ತಿ ಆದ ಕೀಲಿಗೆ ಒಂದು ಹನಿ ಸಿಲಿಕೋನ್ ಗ್ರೀಸ್ ಸಾಕು. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ.

ಮೂರು ದಿನ ಕಳೆದ ಮೇಲೆ ಮೊದಲ ಸಲ ತಿರುಗಿಸಿ. ಒಂದೊಂದೇ ಭಾಗ, ಬೆಳಕಿನ ಕೆಳಗೆ. ಎಲ್ಲಾದರೂ ‘ಕರ್’ ಅಂದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ತಂದು, ಆ ಜಾಗವನ್ನು 1000ದ ಪೇಪರ್‌ನಿಂದ ಉಜ್ಜಿ. ಬಲದಿಂದ ದಾಟಿಸಬೇಡಿ.

ಬೆರೆಸಿದ ಪ್ರತಿ ಬಣ್ಣದಲ್ಲೂ ಸ್ವಲ್ಪ ಸಣ್ಣ ಶೀಶೆಗೆ ಹಾಕಿ, ಯಾವ ಭಾಗದ್ದು ಅಂತ ಬರೆದಿಡಿ. ಆಡುವ ಆಟಿಕೆ ಅಂದಮೇಲೆ ಸವೆಯುತ್ತದೆ. ನನ್ನ ಹೊಯ್ಸಳನನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು, ‘ತಿರುಗಿಸಿ ನೋಡಬಹುದಾ?’ ಅಂತ. ಕೊಡುತ್ತೇನೆ. ತಿಂಗಳಿಗೊಮ್ಮೆ ಎಡ ಬಾಗಿಲಿನ ಅಂಚಿನಲ್ಲಿ ಸಾಸಿವೆಯಷ್ಟು ಬೂದು ಕಾಣುತ್ತದೆ. ಶೀಶೆ ತೆಗೆದು, ಹಲ್ಲುಕಡ್ಡಿಯ ತುದಿಯಿಂದ ಒಂದು ಚುಕ್ಕಿ ಬಿಳಿ ಇಡುತ್ತೇನೆ.